ನಲವತ್ತಾರು ಗೇಜು

ನಮ್ಮ ಕಡೆ ‘ಪಿಕಪ್’ ಅಂದರೆ ಮೊದಲು ನೆನಪಾಗುವುದು ಗಾಡಿ. “ಪಿಕಪ್ ಹೆಂಗಿದೆ ಸಾರ್?” ಎಂದು ಕೇಳದ ಮೆಕ್ಯಾನಿಕ್ ಮಾಗಡಿ ರೋಡಿನಲ್ಲಿ ಸಿಗುವುದಿಲ್ಲ. ಹಾಗಾಗಿ 2018ರ ಏಪ್ರಿಲ್ ತಿಂಗಳ ಒಂದು ಭಾನುವಾರ, ವಿಜಯನಗರದ ಮನೆಯಲ್ಲಿ ಕಾಫಿ ಕುಡಿಯುತ್ತಾ ನಾನು “ಇವತ್ತು ಪಿಕಪ್ ಬದಲಾಯಿಸಬೇಕು” ಅಂದಾಗ, ಅಮ್ಮ “ಹೋದ ತಿಂಗಳು ತಾನೇ ಸರ್ವೀಸ್ ಮಾಡಿಸಿದ್ಯಲ್ಲೋ” ಅಂದಳು. ನಾನು ಹೇಳಿದ್ದು ಗಿಟಾರಿನ ಪಿಕಪ್. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಅಡಿಯಲ್ಲಿ, ಬೆಂಕಿಪೊಟ್ಟಣಕ್ಕಿಂತ ತುಸು ಉದ್ದವಾಗಿ, ಮರದ ಗುಳಿಯಲ್ಲಿ ಹುದುಗಿ ಕೂತಿರುವ ಎರಡು ಡಬ್ಬಿಗಳು. ಹನ್ನೊಂದು ವರ್ಷ ಬಾರಿಸಿದ ಗಿಟಾರು ಅದು. ಅದರ ಕಿವಿಗಳನ್ನೇ ಬದಲಾಯಿಸಲು ಹೊರಟಿದ್ದೆ.

ಕಿವಿ ಅಂದದ್ದು ಸುಮ್ಮನೆ ಅಲ್ಲ. ಪಿಕಪ್ಪಿನೊಳಗೆ ಇರುವುದು ಮುಖ್ಯವಾಗಿ ಎರಡೇ ವಸ್ತು: ಒಂದು ಅಯಸ್ಕಾಂತ, ಅದಕ್ಕೆ ಜೊತೆಯಾಗಿ ಸಾವಿರಾರು ಸುತ್ತು ಸುತ್ತಿದ ತಾಮ್ರದ ವೈರು. ಮೇಲೆ ಉಕ್ಕಿನ ತಂತಿ ನಡುಗಿದರೆ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ. ಕ್ಷೇತ್ರ ಅಲುಗಿದರೆ ತಾಮ್ರದಲ್ಲಿ ಕರೆಂಟು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ಸಂಗತಿ ಇದು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದ್ದೂ ಇದರಿಂದಲೇ. ಅಲ್ಲಿ ಕಾವೇರಿ ತಿರುಗಿಸಿದಳು, ಇಲ್ಲಿ ಬೆರಳು ಮೀಟುತ್ತದೆ, ಅಷ್ಟೇ ವ್ಯತ್ಯಾಸ.

ಆದರೆ ಈ ಕಿವಿಗೆ ಉಕ್ಕು, ನಿಕಲ್‌ಗಳ ಮಾತು ಮಾತ್ರ ಕೇಳುತ್ತದೆ. ಕಂಚು ಹಿತ್ತಾಳೆಗಳಿಗೆ ಅದು ಕಿವುಡು. ನಮ್ಮ ವೀಣೆಯಲ್ಲಿ ಸಾರಣಿ, ಪಂಚಮ ಉಕ್ಕಿನವು, ಮಂದ್ರ, ಅನುಮಂದ್ರ ಹಿತ್ತಾಳೆ ಅಥವಾ ಕಂಚಿನವು. ಗಿಟಾರಿನ ಪಿಕಪ್ಪನ್ನು ತಂದು ಅದರ ಕೆಳಗೆ ಇಟ್ಟರೆ ಅರ್ಧ ವೀಣೆ ಮಾತ್ರ ಕೇಳೀತು. ಅದಕ್ಕೇ ಎಷ್ಟೋ ವೈಣಿಕರು ಪಲಕಕ್ಕೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿಕೊಳ್ಳುತ್ತಾರೆ. ಅದು ಮರದ ನಡುಕವನ್ನೇ ಹಿಡಿಯುತ್ತದೆ. ಮ್ಯಾಂಡೋಲಿನ್ ಯು. ಶ್ರೀನಿವಾಸ್ ಹಿಡಿದ ದಾರಿ ಬೇರೆ. ಎಂಟು ತಂತಿಯ ವಾದ್ಯವನ್ನು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ವಾದ್ಯವಾಗಿ ಮಾಡಿಕೊಂಡು, ಗಮಕ ಎಳೆಯುವಷ್ಟು ಹೊತ್ತು ನಾದ ನಿಲ್ಲುವ ಹಾಗೆ ಮಾಡಿಕೊಂಡರು. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ನಡೆದ ಅವರ ರಾಮನವಮಿ ಕಛೇರಿಗೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದರು. ನಾನು ಕೇಳಿದ ಮೊದಲ ಎಲೆಕ್ಟ್ರಿಕ್ ತಂತಿ ಅಲ್ಲಿಯದು. ಗಿಟಾರಿನ ಹುಚ್ಚು ಆಮೇಲೆ ಬಂತು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬ್ಯಾಂಡ್ ನುಡಿಸಿದ ರಾತ್ರಿ, ಮನೆಗೆ ಬಂದಾಗ ಕಿವಿಯಲ್ಲಿ ಇನ್ನೂ ಅದೇ ಮೊರೆತ. ಅದೇ ವರ್ಷ, ಇಂಡೋನೇಷ್ಯಾದಲ್ಲಿ ತಯಾರಾದ, ಎರಡು ಹಂಬಕರ್ ಪಿಕಪ್ ಇರುವ ಈ ಗಿಟಾರನ್ನು ಕಂತಿನಲ್ಲಿ ಕೊಂಡೆ.

ಇಲ್ಲಿ ಅಪ್ಪನ ಬಗ್ಗೆ ಹೇಳಬೇಕು. ಅಪ್ಪ ಮೋಟಾರ್ ರೀವೈಂಡಿಂಗ್ ಮಾಡುತ್ತಿದ್ದವರು. ಕಾಮಾಕ್ಷಿಪಾಳ್ಯದ ಒಂದು ಓಣಿಯಲ್ಲಿ, ಹತ್ತಕ್ಕೆ ಹನ್ನೆರಡು ಅಡಿಯ ಅಂಗಡಿಯಲ್ಲಿ, ಮೂವತ್ತೊಂದು ವರ್ಷ. ಪಶ್ಚಿಮ ಬೆಂಗಳೂರು ತಾಮ್ರದ ಊರು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಈಗ ಒರಾಯನ್ ಮಾಲ್ ಇರುವ ಜಾಗದಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇತ್ತು. ಮೋಟಾರುಗಳು ಹುಟ್ಟುತ್ತಿದ್ದದ್ದು ಅಲ್ಲಿ. ಅವು ಸುಟ್ಟಾಗ ಮರುಜನ್ಮ ಪಡೆಯುತ್ತಿದ್ದದ್ದು ರಾಜಾಜಿನಗರ, ಕಾಮಾಕ್ಷಿಪಾಳ್ಯ, ಮಾಗಡಿ ರೋಡಿನ ಸಣ್ಣ ಅಂಗಡಿಗಳಲ್ಲಿ. ಸುಟ್ಟ ಕಾಯಿಲ್ ಕತ್ತರಿಸಿ ತೆಗೆದು, ಸ್ಲಾಟಿಗೆ ಲೆದರಾಯ್ಡ್ ಪೇಪರ್ ಕೂರಿಸಿ, ಹೊಸ ಕಾಯಿಲ್ ಇಳಿಸಿ, ದಾರದಲ್ಲಿ ಬಿಗಿದು, ವಾರ್ನಿಶ್‌ನಲ್ಲಿ ಅದ್ದಿ, ಒಣಗಿಸಿ, ಮೆಗ್ಗರ್ ಹಿಡಿದು ನೋಡುವುದು. ಅಪ್ಪನ ಅಂಗಿಯಿಂದ ವಾರ್ನಿಶ್ ವಾಸನೆ ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ಅಂಗಡಿಯಲ್ಲಿ ಒಂದು ಉದ್ದನೆಯ ಪುಸ್ತಕ ಇತ್ತು, ಕೆಂಪು ರಟ್ಟಿನದು. ಬಿಚ್ಚಿದ ಪ್ರತಿಯೊಂದು ಮೋಟಾರಿನ ಜಾತಕ ಅದರಲ್ಲಿ: ಎಚ್‌ಪಿ, ಸ್ಲಾಟ್, ಸುತ್ತು, ಗೇಜು. ಬಿಚ್ಚುವಾಗ ಎಣಿಸದೇ ಹೋದರೆ ಮತ್ತೆ ಸುತ್ತಲಾಗದು ಎನ್ನುವುದು ಅವರ ನಿಯಮ. ಅಂಗಡಿ ಮುಚ್ಚಿದ ಮೇಲೆ ಮನೆಗೆ ಬಂದದ್ದು ಆ ಪುಸ್ತಕ, ಒಂದು ಮುಳ್ಳಿನ ಮೀಟರು ಮತ್ತು ಎರಡು ಸಾಲ್ಡರಿಂಗ್ ಐರನ್.

ನನ್ನ ಗಿಟಾರಿನ ತೊಂದರೆ ಏನೆಂದರೆ, ಅದರ ಸ್ವರದಲ್ಲಿ ಕೆಸರು. ಒಂದೊಂದೇ ತಂತಿ ಮೀಟಿದರೆ ಪರವಾಗಿಲ್ಲ. ಆರೂ ತಂತಿಯ ಕಾರ್ಡ್ ಹಿಡಿದು, ಆಂಪ್ ಸ್ವಲ್ಪ ಏರಿಸಿದರೆ ಆರು ಸ್ವರ ಆರಾಗಿ ಕೇಳುವ ಬದಲು ಮುದ್ದೆಯಾಗಿ ಬರುತ್ತಿತ್ತು. ವರ್ಷಗಟ್ಟಲೆ ಅದು ನನ್ನ ಬೆರಳಿನ ದೋಷ ಅಂದುಕೊಂಡಿದ್ದೆ. ಬಸವೇಶ್ವರನಗರದ ಗೆಳೆಯನ ಗಿಟಾರಿನಲ್ಲಿ ಅದೇ ಕಾರ್ಡ್ ಹಿಡಿದ ದಿನ, ಆರು ಸ್ವರಗಳೂ ಬೇರೆ ಬೇರೆಯಾಗಿ, ತೊಳೆದಿಟ್ಟ ಲೋಟಗಳ ಹಾಗೆ ಕೇಳಿದವು. ಬೆರಳು ಸರಿ ಇತ್ತು.

ಪಿಕಪ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಅದನ್ನು ತುಂಬಾ ಜನ ಮಾಡುವುದಿಲ್ಲ. ಪಿಕಪ್ಪಿನ ಎರಡು ಪಕ್ಕದಲ್ಲಿ ಸಣ್ಣ ಸ್ಕ್ರೂ ಇರುತ್ತವೆ. ತಿರುಗಿಸಿದರೆ ಪಿಕಪ್ ಮೇಲೆ ಕೆಳಗೆ ಆಗುತ್ತದೆ. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು ನೋಡಿದಾಗ ಪಿಕಪ್ಪಿಗೂ ತಂತಿಗೂ ನಡುವೆ ಸುಮಾರು 2 ಮಿಲಿಮೀಟರ್ ಇರಬೇಕು, ಸಣ್ಣ ತಂತಿಗಳ ಕಡೆ ಇನ್ನೂ ತುಸು ಕಡಿಮೆ. ತೀರಾ ಹತ್ತಿರ ಬಂದರೆ ಅಯಸ್ಕಾಂತ ತಂತಿಯನ್ನೇ ಎಳೆಯತೊಡಗಿ ಸ್ವರ ತೇಲಾಡುತ್ತದೆ. ದೂರ ಹೋದರೆ ಸೊರಗುತ್ತದೆ. ಒಂದು ವಾರ ಪೂರ್ತಿ, ಕಾಲು ಸುತ್ತು, ಅರ್ಧ ಸುತ್ತು ಎಂದು ಈ ಸ್ಕ್ರೂಗಳನ್ನು ತಿರುಗಿಸಿದೆ. ಕೆಸರು ಅರ್ಧಕ್ಕೆ ಇಳಿಯಿತು. ಉಳಿದರ್ಧ ಪಿಕಪ್ಪಿನ ಹೊಟ್ಟೆಯಲ್ಲೇ ಇತ್ತು.

ಆಮೇಲೆ ಆಯ್ಕೆ. ಸಿಂಗಲ್ ಕಾಯಿಲ್ ಪಿಕಪ್ಪಿನ ಹರಳಿನಂಥ ಸ್ವರ ನನಗೆ ಇಷ್ಟ, ಗೆಳೆಯನದು ಅಂಥದ್ದೇ. ಆದರೆ ಅವನ ಗಿಟಾರು ನಮ್ಮ ಮನೆಗೆ ಬಂದರೆ ಗುಂಯ್ ಎನ್ನುತ್ತಿತ್ತು. ನಮ್ಮ ಮನೆಯ ಎದುರಿಗೇ ಟ್ರಾನ್ಸ್‌ಫಾರ್ಮರು. ಒಳಗೆ ಚೋಕ್ ಇರುವ ಹಳೆಯ ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರು, ಅಡುಗೆಮನೆಯಲ್ಲಿ ಗ್ರೈಂಡರು. ಕಾಯಿಲ್‌ಗೆ ತಂತಿಯ ನಡುಕವೂ ಒಂದೇ, ಮನೆಯ ಕರೆಂಟಿನ ನಡುಕವೂ ಒಂದೇ. ಎರಡನ್ನೂ ಹಿಡಿದು ಆಂಪ್‌ಗೆ ಕಳಿಸುತ್ತದೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ. ಆ ಗುಂಯ್‌ನೊಳಗೆ 50, ಅದರ ಇಮ್ಮಡಿ 100 ಎರಡೂ ಇರುತ್ತವೆ. ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ಟಿನ ಸ್ವರ 98. ಆ ಸ್ವರ ಹಿಡಿದು ಸುಮ್ಮನೆ ಕೂತರೆ 98 ಮತ್ತು 100 ಒಂದಕ್ಕೊಂದು ತಾಕಿ, ಸೆಕೆಂಡಿಗೆ ಎರಡು ಸಲ ಉಸಿರಾಡುವ ಹಾಗೆ ಅಲೆ ಏಳುತ್ತದೆ. ನಾನೂ ಗೆಳೆಯನೂ ಒಂದು ಸಂಜೆ ಪೂರ್ತಿ ಇದನ್ನೇ ಕೇಳುತ್ತಾ ಕೂತಿದ್ದೆವು. ಕೂತ ದಿಕ್ಕು ಬದಲಿಸಿದರೆ ಗುಂಯ್ ಕಡಿಮೆಯಾಗುತ್ತದೆ. ನಮ್ಮ ಹಾಲಿನಲ್ಲಿ ದೇವರಮನೆಯ ಕಡೆ ಮುಖ ಮಾಡಿ ಕೂತರೆ ಎಲ್ಲಕ್ಕಿಂತ ಕಡಿಮೆ.

ಈ ಗುಂಯ್‌ಗೆ ಮದ್ದು ಹುಡುಕಿದವರಲ್ಲಿ ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ ಒಬ್ಬರು. ಎರಡು ಕಾಯಿಲ್ ಪಕ್ಕಪಕ್ಕ ಇಟ್ಟು, ಒಂದರ ಅಯಸ್ಕಾಂತದ ಧ್ರುವ ಉಲ್ಟಾ ಮಾಡಿ, ಕಾಯಿಲ್‌ನ ಜೋಡಣೆಯನ್ನೂ ಉಲ್ಟಾ ಮಾಡಿದರು. ಕರೆಂಟಿನ ಗುಂಯ್‌ಗೆ ಅಯಸ್ಕಾಂತದ ಹಂಗಿಲ್ಲ. ಅದು ಎರಡು ಕಾಯಿಲ್‌ಗಳಲ್ಲಿ ಎದುರುಬದುರಾಗಿ ಹುಟ್ಟಿ ಪರಸ್ಪರ ಕರಗಿಹೋಗುತ್ತದೆ. ತಂತಿಯ ಸ್ವರ ಎರಡು ಸಲ ಉಲ್ಟಾ ಆಗಿ ಮತ್ತೆ ಸುಲ್ಟಾ ಆಗುವುದರಿಂದ ಕೂಡಿಕೊಳ್ಳುತ್ತದೆ. ಗುಂಯ್ ಕಳೆಯುವ ಈ ಜೋಡಿ ಕಾಯಿಲ್ಲೇ ಹಂಬಕರ್. 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, ಕೈಗೆ ಬಂದದ್ದು 1959ರಲ್ಲಿ. ನಡುವಿನ ಕಾಲದಲ್ಲಿ ಪಿಕಪ್ಪಿನ ಬೆನ್ನಿಗೆ ‘ಪೇಟೆಂಟ್ ಅಪ್ಲೈಡ್ ಫಾರ್’ ಎಂದು ಸಣ್ಣ ಚೀಟಿ ಅಂಟಿಸಿದರು. ಆ ಚೀಟಿಯ ಮೂರು ಅಕ್ಷರ, ಪಿಎಎಫ್, ಇವತ್ತಿಗೂ ಒಂದು ಸ್ವರದ ಹೆಸರಾಗಿ ಉಳಿದಿದೆ.

ಕೊಳ್ಳುವವರನ್ನು ದಾರಿ ತಪ್ಪಿಸುವುದು ಕಿಲೋ ಓಮ್. ಪಿಕಪ್ಪಿನ ಪೆಟ್ಟಿಗೆಯ ಮೇಲೆ ರೆಸಿಸ್ಟೆನ್ಸ್ ಬರೆದಿರುತ್ತಾರೆ: 8, 12, 16. ಸಂಖ್ಯೆ ದೊಡ್ಡದಾದರೆ ಸ್ವರವೂ ದೊಡ್ಡದು ಎಂಬ ನಂಬಿಕೆ ಹುಡುಗರಲ್ಲಿ ಗಟ್ಟಿ. ಸುತ್ತು ಹೆಚ್ಚಾದರೆ ಸದ್ದು ಹೆಚ್ಚುವುದು ನಿಜ. ಆದರೆ ಜೊತೆಗೇ ಮೇಲಿನ ಹೊಳಪು ಕುಗ್ಗಿ ನಡುವಿನ ದಪ್ಪ ಸೇರುತ್ತದೆ. 1972ರಲ್ಲಿ ಲ್ಯಾರಿ ಡಿಮಾರ್ಜಿಯೊ ‘ಸೂಪರ್ ಡಿಸ್ಟಾರ್ಷನ್’ ಎಂಬ ಪಿಕಪ್ ತಂದಾಗ, ಆಂಪನ್ನು ಗುಡುಗಿಸುವ ಜೋರು ಕಾಯಿಲ್ ಬೇಕು ಎನ್ನುವವರಿಗೆ ಹಬ್ಬವಾಯಿತು; ಪಿಕಪ್ಪನ್ನು ಬಿಡಿಭಾಗವಾಗಿ ಕೊಂಡು ಬದಲಾಯಿಸುವ ಚಾಳಿ ಬೆಳೆದದ್ದೇ ಅಲ್ಲಿಂದ. ಆ ಸ್ವರ ನನಗೂ ಪ್ರೀತಿ. ಆದರೆ ನನ್ನ ಕಾಯಿಲೆ ಕೆಸರು. ಕೆಸರಿಗೆ ಇನ್ನಷ್ಟು ಮಣ್ಣು ಹಾಕಬಾರದು. ಬ್ರಿಡ್ಜ್ ಕಡೆಗೆ ಸೀಮೋರ್ ಡಂಕನ್ ಕಂಪನಿಯ ’59 ಮಾದರಿ ಆರಿಸಿದೆ: ಆಲ್ನಿಕೊ 5 ಅಯಸ್ಕಾಂತ, ಸುಮಾರು 8 ಕಿಲೋ ಓಮ್, ಸಾಧಾರಣ ಸುತ್ತು. ನೆಕ್ ಕಡೆಗೆ ಕೆಂಗೇರಿ ಉಪನಗರದಲ್ಲಿ, ಓದಲು ಹೊರದೇಶಕ್ಕೆ ಹೊರಟಿದ್ದ ಹುಡುಗನೊಬ್ಬನ ಹತ್ತಿರ ಡಿಮಾರ್ಜಿಯೊದ ಪಿಎಎಫ್ ಒಂದು ಅರ್ಧ ಬೆಲೆಗೆ ಸಿಕ್ಕಿತು. ಅದನ್ನು ಅಂಗೈಯಲ್ಲಿ ಇಡುವಾಗ ಅವನು “ಇದನ್ನ ಸುಮ್ನೆ ಇಡ್ಬೇಡಿ ಅಣ್ಣಾ, ನುಡಿಸಿ” ಅಂದ.

ಉಳಿದ ಸಾಮಾನಿಗೆ ಎಸ್.ಪಿ. ರೋಡ್. ವಿಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಗಿ, ಚಿಕ್ಕಪೇಟೆಯಲ್ಲಿ ಇಳಿದು ನಡೆದರೆ ಆಯಿತು. ಅಪ್ಪನೂ ಬಂದರು. ಹಂಬಕರ್‌ಗೆ 500 ಕಿಲೋ ಓಮ್‌ನ ಪಾಟ್, ಅಂದರೆ ಗುಂಡಿಯಡಿಯ ಪೊಟೆನ್ಷಿಯೊಮೀಟರ್, ಬೇಕು. ಸಿಂಗಲ್ ಕಾಯಿಲ್ ಆದರೆ 250 ಸಾಕು. ಪಾಟಿನ ಬೆನ್ನ ಮೇಲೆ ಎ ಅಂತಿದ್ದರೆ ಕಿವಿಗೆ ಒಗ್ಗುವ ಹಾಗೆ ಏರುವ ಲಾಗ್ ಪಾಟು, ಬಿ ಅಂತಿದ್ದರೆ ಲೀನಿಯರ್. ಅಪ್ಪ ಕೌಂಟರಿನ ಮೇಲೆ ಹತ್ತು ಪಾಟು ಹರಡಿಸಿಕೊಂಡು ಒಂದೊಂದಕ್ಕೂ ಮೀಟರ್ ಹಿಡಿದರು. 500 ಎಂದು ಬರೆದದ್ದರಲ್ಲಿ ಒಂದು 430 ತೋರಿಸಿತು, ಇನ್ನೊಂದು 520. ಅಂಗಡಿಯವರು ಬೇಸರ ಮಾಡಿಕೊಳ್ಳದೆ ನೋಡುತ್ತಿದ್ದರು. ಅಳೆದು ಕೊಳ್ಳುವವರನ್ನು ಕಂಡರೆ ಆ ಬೀದಿಗೆ ಈಗಲೂ ಗೌರವ. 500ರ ಆಸುಪಾಸಿನ ನಾಲ್ಕು, 0.022 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್, ಒಂದು ಸುರುಳಿ 60/40 ಲೆಡ್ ಕೊಂಡೆವು.

ಇನ್ನು ಭಾನುವಾರದ ಕೆಲಸ. ಊಟದ ಮೇಜಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಗಿಟಾರನ್ನು ಬೋರಲು ಮಲಗಿಸಿ, ಹಿಂದಿನ ಮುಚ್ಚಳ ತೆಗೆದೆ. ಹನ್ನೊಂದು ವರ್ಷದ ಧೂಳು, ಮರದ ಹುಡಿ, ಒಂದು ಮುರಿದ ಪ್ಲೆಕ್ಟ್ರಮ್. ಬಿಚ್ಚುವ ಮೊದಲು ಫೋಟೊ ತೆಗೆದುಕೊಂಡೆ. ಅಪ್ಪ ಕಾಗದದ ಮೇಲೆ ಚಿತ್ರ ಬರೆದುಕೊಂಡರು. ಸಾಲ್ಡರಿಂಗ್ ಎಂದರೆ ಬಿಸಿಯ ಲೆಕ್ಕಾಚಾರ. ಪಾಟಿನ ಕಾಲಿಗೆ 25 ವ್ಯಾಟಿನ ಐರನ್ ಸಾಕು. ಪಾಟಿನ ಬೆನ್ನಿಗೆ ಅರ್ತಿಂಗ್ ವೈರು ಕೂರಿಸುವಾಗ ಮಾತ್ರ ಆ ಲೋಹದ ತಟ್ಟೆ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಸಣ್ಣ ಐರನ್ ಹಿಡಿದು ಕೂತರೆ ಲೆಡ್ ಕರಗುವಷ್ಟರಲ್ಲಿ ಒಳಗಿನ ಪಟ್ಟಿ ಬೆಂದಿರುತ್ತದೆ. ಅಪ್ಪ ದೊಡ್ಡ ಐರನ್ ಕೊಟ್ಟರು. “ಮೊದ್ಲು ಜಾಗ ಬಿಸಿ ಮಾಡು, ಲೆಡ್ಡನ್ನ ಜಾಗಕ್ಕೆ ಮುಟ್ಸು, ಐರನ್‌ಗಲ್ಲ. ತಾನಾಗೇ ಹರಿಬೇಕು.” ಮರಳು ಕಾಗದದಿಂದ ಪಾಟಿನ ಬೆನ್ನು ಉಜ್ಜಿ, ಐರನ್ ಇಟ್ಟು, ಮೂರು ಎಣಿಸಿ, ಲೆಡ್ ತಾಕಿಸಿದೆ. ಕ್ಷಣ ತಡೆದು, ಎಲೆಯ ಮೇಲೆ ತುಪ್ಪ ಹರಡುವ ಹಾಗೆ ಹರಿಯಿತು. ರಾಳದ ಹೊಗೆ ಎದ್ದಿತು. ತಣ್ಣಗಾದಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಮಂಕಾಗಿ, ಗುಳ್ಳೆಗುಳ್ಳೆಯಾಗಿ ಕೂತರೆ ಅದು ಒಣ ಬೆಸುಗೆ, ಬಿಚ್ಚಿ ಮತ್ತೆ ಮಾಡಬೇಕು. ನನ್ನದರಲ್ಲಿ ಎರಡನ್ನು ಮತ್ತೆ ಮಾಡಿಸಿದರು.

ಸಂಜೆ ಆರು ಗಂಟೆಗೆ ಆಂಪ್‌ಗೆ ಚುಚ್ಚಿದೆ. ಬ್ರಿಡ್ಜ್ ಪಿಕಪ್ ಚೆನ್ನಾಗಿತ್ತು. ಸ್ವಿಚ್ಚನ್ನು ನೆಕ್ ಕಡೆ ತಳ್ಳಿದೆ: ನೆಗಡಿಯಾದವರು ಮೂಗಿನಲ್ಲಿ ಮಾತಾಡಿದ ಹಾಗೆ ಬಡಕಲು ಸ್ವರ, ಮೇಲೆ ದೊಡ್ಡದಾಗಿ ಗುಂಯ್. ಹಂಬಕರ್‌ನಲ್ಲಿ ಗುಂಯ್! ಬೆಸುಗೆಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದೆ, ಎಲ್ಲವೂ ಸರಿ. ಕೆಂಗೇರಿಯ ಹುಡುಗನ ಪಿಕಪ್ ಕೆಟ್ಟಿರಬೇಕು ಅಂದುಕೊಂಡು ಆ ರಾತ್ರಿ ಸುಮ್ಮನೆ ಮಲಗಿದೆ.

ಬುಧವಾರ ಬಸವ ಜಯಂತಿ, ರಜೆ. ನಾನು ಏಳುವಷ್ಟರಲ್ಲಿ ಅಪ್ಪ ಗಿಟಾರಿನ ಮುಂದೆ ಕನ್ನಡಕ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಮುಳ್ಳಿನ ಮೀಟರು. ಅದರ ಎರಡು ವೈರನ್ನು ನೆಕ್ ಪಿಕಪ್ಪಿಗೆ ಕೊಟ್ಟು, ಸ್ಕ್ರೂ ಡ್ರೈವರಿನ ತುದಿಯನ್ನು ಒಂದು ಕಾಯಿಲ್‌ನ ಮೇಲೆ ಟಪ್ಪೆಂದು ಇಟ್ಟರು. ಮುಳ್ಳು ಬಲಕ್ಕೆ ಮಿಡುಕಿತು. ಇನ್ನೊಂದು ಕಾಯಿಲ್‌ನ ಮೇಲೆ ಇಟ್ಟರು. ಎಡಕ್ಕೆ ಮಿಡುಕಿತು. “ನೋಡು, ಎರಡು ಕಾಯಿಲ್ಲೂ ಒಂದಕ್ಕೊಂದು ಎದುರು ಓಡ್ತಿವೆ. ಸ್ಟಾರ್ಟ್ ಯಾವ್ದು, ಎಂಡ್ ಯಾವ್ದು ಗುರುತು ಹಾಕ್ಕೊಂಡ್ಯಾ?” ಆಗ ಹೊಳೆಯಿತು. ಒಂದೊಂದು ಪಿಕಪ್ಪಿನಿಂದಲೂ ನಾಲ್ಕು ಬಣ್ಣದ ವೈರು ಬರುತ್ತವೆ. ಡಂಕನ್‌ನಲ್ಲಿ ಸಿಗ್ನಲ್ ಬರುವುದು ಕಪ್ಪಿನಲ್ಲಿ, ಕೆಂಪು ಬಿಳಿ ಸೇರಿಸಿ ಟೇಪ್ ಸುತ್ತಬೇಕು, ಹಸಿರು ಅರ್ತಿಂಗಿಗೆ. ಡಿಮಾರ್ಜಿಯೊದಲ್ಲಿ ಸಿಗ್ನಲ್ ಕೆಂಪಿನಲ್ಲಿ. ಸೇರಿಸಬೇಕಾದದ್ದು ಕಪ್ಪು ಬಿಳಿ. ಹಸಿರು ಇಲ್ಲೂ ಅರ್ತಿಂಗಿಗೆ. ನಾನು ಎರಡಕ್ಕೂ ಡಂಕನ್ನಿನ ಬಣ್ಣವನ್ನೇ ಅನುಸರಿಸಿದ್ದೆ. ಒಂದು ಕಾಯಿಲ್ ತಿರುಗುಮುರುಗಾಗಿ, ಕೂಡಬೇಕಾದ ಸ್ವರ ಕಳೆದು, ಕಳೆಯಬೇಕಾದ ಗುಂಯ್ ಕೂಡಿತ್ತು. ಅಪ್ಪನಿಗೆ ಇದು ಹೊಸ ವಿಷಯವೇ ಅಲ್ಲ. ತ್ರೀ ಫೇಸ್ ಮೋಟಾರಿನಲ್ಲಿ ಎರಡು ವೈರು ಅದಲು ಬದಲಾದರೆ ಪಂಪು ಹಿಂದಕ್ಕೆ ತಿರುಗುತ್ತದೆ. ಕಾಯಿಲ್‌ನ ಒಂದು ತುದಿ ತಪ್ಪಿದರೆ ಮೋಟಾರು ನರಳುತ್ತದೆ. ಮೂವತ್ತೊಂದು ವರ್ಷ ಅವರು ಕೇಳಿದ್ದು ಅದೇ ನರಳಿಕೆ.

ಕೆಂಪನ್ನೂ ಕಪ್ಪನ್ನೂ ಬದಲಾಯಿಸಿದೆ. ಮುಳ್ಳು ಎರಡು ಸಲವೂ ಬಲಕ್ಕೆ ಹೋಯಿತು. ತಂತಿ ಕಟ್ಟಿ, ಶ್ರುತಿ ಮಾಡಿ, ಅದೇ ಕಾರ್ಡ್ ಹಿಡಿದೆ. ಆರು ಸ್ವರ, ಆರಾಗಿಯೇ. ವಾಲ್ಯೂಮ್ ಅರ್ಧಕ್ಕೆ ಇಳಿಸಿದರೂ ಹೊಳಪು ಉಳಿಯಿತು, ಪೂರ್ತಿ ಏರಿಸಿದರೆ ಅಂಚಿನಲ್ಲಿ ತುಸು ಒರಟು ಬಂತು. ನೆಕ್ ಪಿಕಪ್ಪಿನಲ್ಲಿ ಎರಡನೇ ತಂತಿಯನ್ನು ಜಗ್ಗಿ ಒಂದು ಜಾರು ಎಳೆದೆ. ಅಡುಗೆಮನೆಯಲ್ಲಿ ಗ್ರೈಂಡರ್ ಓಡುತ್ತಿತ್ತು. ಗುಂಯ್ ಇರಲಿಲ್ಲ.

ಅಪ್ಪ ಗಿಟಾರಿಗಿಂತ ಹೆಚ್ಚು ಹೊತ್ತು ನೋಡಿದ್ದು ತೆಗೆದು ಹಾಕಿದ ಹಳೆಯ ಪಿಕಪ್ಪನ್ನು. ಬ್ಲೇಡಿನಲ್ಲಿ ಟೇಪ್ ಬಿಡಿಸಿ, ಒಳಗಿನ ವೈರಿನ ಒಂದು ತುದಿಯನ್ನು ಸೂಜಿಯಿಂದ ಎತ್ತಿ, ಬೆಳಕಿಗೆ ಹಿಡಿದರು. ಕಾಣಿಸಿದರೆ ಕಂಡಿತು, ಇಲ್ಲದಿದ್ದರೆ ಇಲ್ಲ, ಅಷ್ಟು ಸಣ್ಣ. ಪಿಕಪ್ಪಿಗೆ ಸಾಮಾನ್ಯವಾಗಿ ಸುತ್ತುವುದು ಅಮೆರಿಕದ ಲೆಕ್ಕದಲ್ಲಿ 42 ಗೇಜಿನ ವೈರು, 0.063 ಮಿಲಿಮೀಟರ್, ತಲೆಗೂದಲಿನಷ್ಟು. ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ನಡೆಯುವುದು ಎಸ್‌ಡಬ್ಲ್ಯುಜಿ ಲೆಕ್ಕ; ಅದರಲ್ಲಿ ಹೆಚ್ಚುಕಡಿಮೆ 46. ಸೀಲಿಂಗ್ ಫ್ಯಾನಿಗೆ 36 ಗೇಜ್ ಸುತ್ತಿದ್ದೇ ಅಪ್ಪನ ಕೈಯ ಅತಿ ಸಣ್ಣ ಕೆಲಸ. “ಇದನ್ನ ಕೈಯಲ್ಲಿ ಸುತ್ತೋರೂ ಇದಾರಾ?” ಎಂದು ಕೇಳಿದರು. ಇದ್ದಾರೆ ಅಂದೆ, ಮೋಟಾರು ತಿರುಗುತ್ತಿರುತ್ತದೆ, ಎರಡು ಬೆರಳ ನಡುವೆ ವೈರು ಹಾಯಿಸುತ್ತಾರೆ, ಬಿಗಿ ಹೆಚ್ಚಾದರೆ ಕಡಿಯುತ್ತದೆ. ಮೊದಲ ಕಾಲದ ಪಿಎಎಫ್‌ಗಳು ಒಂದರ ಹಾಗೆ ಇನ್ನೊಂದಿಲ್ಲ, 7ರಿಂದ 9 ಕಿಲೋ ಓಮ್‌ವರೆಗೂ ಸಿಗುತ್ತವೆ ಎಂದೂ ಹೇಳಿದೆ. ಅಪ್ಪ ತಲೆಯಾಡಿಸಿದರು. ಕಾಯಿಲ್ಲನ್ನು ಮೇಣದಲ್ಲಿ ಅದ್ದುತ್ತಾರೆ, ಇಲ್ಲದಿದ್ದರೆ ಒಳಗಿನ ಸುತ್ತುಗಳು ಸಡಿಲವಾಗಿ ನಡುಗಿ ಜೋರು ಸದ್ದಿನಲ್ಲಿ ಕಿರುಚುತ್ತವೆ ಅಂದಾಗ ಅವರಿಗೆ ವಿವರಣೆಯೇ ಬೇಕಾಗಲಿಲ್ಲ. “ನಾವು ವಾರ್ನಿಶ್ ಹಾಕ್ತೀವಿ, ಅವ್ರು ಮೇಣ.”

ನಂತರ ಪೆನ್ಸಿಲ್ ತೆಗೆದು ಲೆಕ್ಕಕ್ಕೆ ಕೂತರು. ಆ ವೈರು ಮೀಟರಿಗೆ ಸುಮಾರು ಐದೂವರೆ ಓಮ್. ಹೊಸ ಬ್ರಿಡ್ಜ್ ಪಿಕಪ್ ಬೆಳಗ್ಗೆ 8.1 ಕಿಲೋ ಓಮ್ ತೋರಿಸಿತ್ತು. ಭಾಗಿಸಿದರೆ ಹತ್ತಿರ ಹತ್ತಿರ ಒಂದೂವರೆ ಕಿಲೋಮೀಟರ್ ತಾಮ್ರ, ಬೆಂಕಿಪೊಟ್ಟಣದಂಥ ಜಾಗದಲ್ಲಿ. ಮಧ್ಯಾಹ್ನದ ಬಿಸಿಲಿಗೆ ಮತ್ತೆ ಅಳೆದೆವು, 8.3. “ತಾಮ್ರ ಹತ್ತು ಡಿಗ್ರಿ ಬಿಸಿಯಾದ್ರೆ ನೂರಕ್ಕೆ ನಾಲ್ಕು ಏರುತ್ತೆ. ಪಾಯಿಂಟ್ ಎರಡಕ್ಕೆಲ್ಲ ತಲೆ ಕೆಡಿಸ್ಕೋಬೇಡ” ಅಂದರು. ಪೆಟ್ಟಿಗೆಯ ಮೇಲಿನ ಸಂಖ್ಯೆ ನೋಡಿ ಪಿಕಪ್ ಕೊಳ್ಳಲು ಹೊರಡುವ ಹುಡುಗರಿಗೆ ನಾನು ಈಗ ಹೇಳುವುದು ಇದನ್ನೇ. ಮೊದಲು ಸ್ಕ್ರೂ ತಿರುಗಿಸಿ, ಆಮೇಲೆ ನಾಲ್ಕು ಜನರ ಗಿಟಾರು ಕೇಳಿ, ಕೊನೆಗೆ ಕೊಳ್ಳಿ.

ಆ ಸಂಜೆ ಅಪ್ಪ ಬೀರುವಿನ ಮೇಲಿಂದ ಕೆಂಪು ರಟ್ಟಿನ ಪುಸ್ತಕ ಇಳಿಸಿದರು. ಕೊನೆಯ ದಾಖಲೆ ಒಂದು 3 ಎಚ್‌ಪಿ ಬೋರ್‌ವೆಲ್ ಮೋಟಾರಿನದು. ಅದರ ಕೆಳಗೆ ಗೆರೆ ಎಳೆದು, ತಮ್ಮ ದುಂಡು ಅಕ್ಷರದಲ್ಲಿ ಬರೆದರು: ‘18-4-2018. ಗಿಟಾರ್, ಕಾಯಿಲ್ 2 ಜೊತೆ. ಬ್ರಿಡ್ಜ್ 8.1 ಕೆ. ಗೇಜ್ 46 ಹತ್ತಿರ. ಮೇಣ.’